ಎಂಟನೇ ನಂಬರು

ಬಂದವರು ಆರು ಜನ.
ಹೊಸ್ತಿಲಾಚೆ ಬಿಟ್ಟ ಆರು ಜೊತೆ ಕಾಲ್ಮರಿಗಳನ್ನು
ಅವರ ಮುಖಕ್ಕಿಂತ ಮೊದಲು ನೋಡಿದೆ.
ಕಸುಬು ಹಾಗೆ.

ಹೆಣ್ಣಿನ ಅಪ್ಪನದು ಕರಿ ಬೂಟು, ಮೂಗಿನೊಳಗೆ ಉಕ್ಕಿನ ತಗಡು,
ಬಲಗಾಲ ಹಿಮ್ಮಡಿ ಮಾತ್ರ ಹೊರಮಗ್ಗುಲಿಗೆ ಸವೆದಿದೆ:
ಇಪ್ಪತ್ತೆರಡು ವರ್ಷ ಒಂದೇ ಗೇಟಿನಲ್ಲಿ
ಒಂದೇ ಕಡೆಗೆ ತಿರುಗಿದ ಮನುಷ್ಯ.

"ಹುಡುಗ ಏನ್ ಮಾಡ್ತಾನ್ರೀ?"
ಅವ್ವ ಒಗ್ಗರಣಿ ಮಿರ್ಚಿಯ ತಟ್ಟೆ ಮುಂದೆ ಸರಿಸಿದಳು,
ಬಾಯಲ್ಲಿ ಖಾರವಿದ್ದರೆ ಪ್ರಶ್ನೆ ಕಡಿಮೆಯಾದೀತೆಂದು.
"ಬೂಟಿನ ವ್ಯಾಪಾರ," ಅಂದ ಅಣ್ಣ.
"ಅಂಗಡಿ ಎಲ್ಲೈತಿ? ಕೌಲ್ ಬಜಾರೋ, ರಾಯಲ್ ಸರ್ಕಲ್ಲೋ?"

ಅಂಗಡಿ ಮಂಚದ ಕೆಳಗಿತ್ತು.
ಅವರು ಅದರ ಮೇಲೇ ಕೂತಿದ್ದರು.

ಹೇಗೆ ಬಿಡಿಸಿ ಹೇಳಲಿ,
ಹತ್ತು ಗಂಟೆಗೆ ಹೊಸ ಮಾಲು ಬಿಡುತ್ತಾರೆ,
ಹತ್ತೂ ಒಂದಕ್ಕೆ ಮುಗಿದಿರುತ್ತದೆ.
ಅವ್ವನ ಫೋನು, ಅಣ್ಣನದು, ಎದುರುಮನೆ ಖಾಸಿಂನದು, ನನ್ನವೆರಡು,
ಐದನ್ನೂ ಚಾಪೆಯ ಮೇಲೆ ಹಾಸಿ
ಇಸ್ಪೀಟಿನವನ ಹಾಗೆ ಬಗ್ಗುತ್ತೇನೆ.
ಒಂದು ಸಿಕ್ಕರೆ ಹಬ್ಬ.
ಒಂಬತ್ತು ಸಾವಿರದ್ದನ್ನು ಹೈದರಾಬಾದಿನ ಹುಡುಗನೊಬ್ಬ
ಹದಿನಾರಕ್ಕೆ ಒಯ್ಯುತ್ತಾನೆ.
ಅವನೂ ಹಾಕುವುದಿಲ್ಲ,
ಇಪ್ಪತ್ತಕ್ಕೆ ಇನ್ನೊಬ್ಬನಿಗೆ.
ಕಾಲನ್ನೇ ಕಾಣದೆ ಊರೂರು ಅಲೆಯುವ ಬೂಟು.

"ತಿಂಗಳಿಗೆ ಎಷ್ಟು ಬೀಳ್ತೈತಿ?"
ಜನವರಿಯಲ್ಲಿ ಅಣ್ಣನ ಮೂರು ಪಗಾರದಷ್ಟು.
ಫೆಬ್ರವರಿಯಲ್ಲಿ ಅಣ್ಣನ ಜೇಬು.
"ನಡೀತೈತ್ರೀ," ಅಂದೆ.

ಜಂಬಣ್ಣ ನನ್ನಣ್ಣ. ತೋರಣಗಲ್ಲಿನ ಕಾರ್ಖಾನೆ, ಈ ವಾರ ಬಿ ಶಿಫ್ಟು.
ಒಂದನೇ ತಾರೀಖು ಅವನ ಫೋನು ಟಿಣ್ ಅಂದಮೇಲೆ
ಹಾಲಿನವನ ಜೊತೆ ಅವ್ವನ ದನಿಯೇ ಬೇರೆ.
ವರ್ಷಕ್ಕೆರಡು ಜೊತೆ ಬೂಟು ಕಂಪನಿಯದೇ.
ಲೇಸು ಬಿಚ್ಚಿ ಕೊಡವಿದರೆ
ಕಾಲ್ಚೀಲದಿಂದ ಅರ್ಧ ಸಂಡೂರು ಉದುರುತ್ತದೆ.
ಬಿಳಿ ಅನ್ನುವುದು ಈ ಊರಲ್ಲಿ
ಡಬ್ಬಿಯೊಳಗೆ ಮಾತ್ರ.

ಒಂದು ರಾತ್ರಿ ಅವನು
ನನ್ನ ಡಬ್ಬಿಯೊಂದನ್ನು ತೆರೆದು, ಮೂಸಿ,
ಅಂಗೈ ಮೇಲಿಟ್ಟು ತೂಗಿದ್ದ.
"ಎಷ್ಟು ಹಗುರ ಅದಾವಲೋ."
ಹಾಕ್ಕೋ ಅನ್ನಬೇಕಿತ್ತು ನಾನು.
"ಗೆರಿ ಬೀಳ್ತಾವ, ಇಡು," ಅಂದೆ.
ಇಟ್ಟ. ಮುಚ್ಚಳ ಸರಿಯಾಗಿ ಕೂರುವ ತನಕ ಒತ್ತಿದ.

ಅಣ್ಣ ಡ್ಯೂಟಿಗೆ ಹೋದ. ಬಂದವರೂ ಎದ್ದರು.
ಹುಡುಗಿಯೂ ಬಂದಿದ್ದಳು; ಹಾಗೆ ಬರುವುದು ನಮ್ಮಲ್ಲಿ ರೂಢಿಯಿಲ್ಲ.
ಪಂಪಾವತಿ. ಜೀನ್ಸ್ ಯೂನಿಟ್ಟಿನಲ್ಲಿ ಜೇಬು ಹೊಲಿಯುತ್ತಾಳಂತೆ.
ಐದನೇ ನಂಬರಿನ ಚಪ್ಪಲಿ,
ಕಿತ್ತ ಎಡ ಪಟ್ಟಿಗೆ
ಜೀನ್ಸಿನ ಹಳದಿ ದಾರದಲ್ಲಿ ಜೋಡಿ ಹೊಲಿಗೆ.
ಅದಕ್ಕೆ ಕಾಲು ತೂರಿಸುತ್ತ, ತಲೆಯೆತ್ತದೆ ಕೇಳಿದಳು:
"ಮಾರದೆ ಉಳಿದದ್ದು ಏನ್ ಮಾಡ್ತೀರಿ?"

ರಾತ್ರಿ ಮಂಚದಡಿ ಕೈಚಾಚಿ
ಗೋಡೆಗೆ ಆತುಕೊಂಡಿದ್ದ ಡಬ್ಬಿ ಎಳೆದೆ.
ನಾನು ಮೊದಲು ಕೊಂಡ ಜೊತೆ, ಎಂಟನೇ ನಂಬರು,
ರೇಟು ಏರಲಿ ಏರಲಿ ಎಂದು ಆರು ವರ್ಷ.
ಬಿಳಿ ಹಾಳೆ ಹಾಗೇ ಇತ್ತು,
ತೇವ ಹೀರುವ ಪುಟ್ಟ ಚೀಟಿಯೂ.
ಹೆಬ್ಬೆರಳಿಂದ ಅಟ್ಟೆಯನ್ನು ಒತ್ತಿದೆ.
ಕಟಕ ರೊಟ್ಟಿಯ ಹಾಗೆ ಮುರಿಯಿತು.
ಬಳ್ಳಾರಿಯ ಆರು ಬೇಸಿಗೆ
ಡಬ್ಬಿಯೊಳಗೇ ಅದರ ಮೇಲೆ ನಡೆದಾಡಿದ್ದವು.

ಹನ್ನೊಂದಕ್ಕೆ ಅಣ್ಣ ಬಂದ.
ಪಡಸಾಲೆಯಲ್ಲಿ ಕೂತು ಲೇಸು ಬಿಚ್ಚುತ್ತ,
"ಏನಂದರು?"
ಹುಡುಗಿ ಕೇಳಿದ್ದನ್ನಷ್ಟೇ ಹೇಳಿದೆ.
ಬೂಟು ಮಗುಚಿ ಕೊಡವಿದ. ಕೆಂಪು ಮಣ್ಣು.
ನಕ್ಕ.
"ಬೂಟಿನ ಮಾತು ಕೇಳಿದಳೋ, ನಿನ್ನ ಮಾತೋ?"

ಇಬ್ಬರ ಕಾಲೂ ಒಂದೇ ಅಳತೆ, ಎಂಟು.
ಅವನ ಬೂಟನ್ನು ಬದಿಗೆ ಸರಿಸುವಾಗ ಕೈಗೆ ತಾಗಿತು,
ಒಳಗೆ ಇನ್ನೂ ಬಿಸಿಯಿತ್ತು.

ನಾಳೆ ಹತ್ತಕ್ಕೆ ಹೊಸ ಮಾಲು.
ಅಣ್ಣನ ಫೋನನ್ನೂ ಚಾರ್ಜಿಗೆ ಹಾಕಿದೆ.